ಒಬ್ಬನೇ ಸರಿಸುವ ಟನ್ ಭಾರ

ಲೇತ್ ಮೆಷಿನ್ ಇಟ್ಟು ಸಂಸಾರ ಸಾಗಿಸುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ತಾಪತ್ರಯ ಬಂದೇ ಬರುತ್ತದೆ. ಬಾಡಿಗೆ ಶೆಡ್ ಬಿಡಬೇಕಾಗಿರುತ್ತದೆ, ಇಲ್ಲವೇ ಸೆಕೆಂಡ್‌ಹ್ಯಾಂಡ್ ಮೆಷಿನೊಂದು ಅಂಗಳದಲ್ಲಿ ಬಂದು ಇಳಿದಿರುತ್ತದೆ. ಕ್ರೇನ್ ಓಣಿಯೊಳಗೆ ಬರುವುದಿಲ್ಲ, ಬಂದರೂ ಶೀಟಿನ ಮಾಡಿನಡಿ ನುಗ್ಗುವುದಿಲ್ಲ. ಆಗ ಯಜಮಾನರು ಅಡುಗೆಮನೆಯತ್ತ ಕೂಗುತ್ತಾರೆ: "ಸ್ವಲ್ಪ ಬಾ, ಇದನ್ನೊಮ್ಮೆ ಹಿಡಿದುಕೋ." ಹೋಗಿ ಹಿಡಿಯುವ ಮೊದಲು ಈ ಕೆಲಸದ ಗುಟ್ಟು ನಮಗೂ ತಿಳಿದಿರಬೇಕು.

ಗುಟ್ಟು ತೋಳಿನಲ್ಲಿಲ್ಲ, ಹಾರೆಯಲ್ಲಿದೆ. ಐದು ಅಡಿ ಉದ್ದದ ಹಾರೆಯ ತುದಿಯನ್ನು ಮೆಷಿನಿನಡಿ ತೂರಿಸಿ, ತುದಿಯಿಂದ ಎರಡು ಇಂಚು ಹಿಂದೆ ಗಟ್ಟಿ ಮರದ ತುಂಡೊಂದನ್ನು ಆಧಾರವಾಗಿಡಿ. ಇನ್ನೊಂದು ತುದಿಯನ್ನು ಅದುಮಿದರೆ ನಿಮ್ಮ ಬಲ 29 ಪಟ್ಟಾಗುತ್ತದೆ. ಮೆಷಿನಿನ ಒಂದು ಬದಿಯ ಭಾರ 600 ಕಿಲೊ ಇದ್ದರೂ ಅದುಮಬೇಕಾದದ್ದು ಸುಮಾರು 21 ಕಿಲೊ, ದೊಡ್ಡ ಕೊಡದ ನೀರಿನಷ್ಟು! ಆದರೆ ಕೈ ಒಂದು ಅಡಿ ಇಳಿದರೆ ಮೆಷಿನ್ ಏಳುವುದು ಅರ್ಧ ಇಂಚಿಗೂ ಕಡಿಮೆ. ಎದ್ದಷ್ಟಕ್ಕೇ ತೆಳು ಹಲಗೆ ತುರುಕಿ, ಮತ್ತೆ ಎತ್ತಿ, ಮತ್ತೆ ತುರುಕಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ.

ಹೀಗೆ ಎತ್ತಿದ ಮೇಲೆ ಅಗಲವಾದ ಮರದ ತೊಲೆಗಳನ್ನು ಅಡಿಗೆ ಕೊಟ್ಟು ಬೋಲ್ಟ್ ಹಾಕುತ್ತಾರೆ. ಒಂದೇ ದಪ್ಪದ ನೀರಿನ ಪೈಪಿನ ತುಂಡುಗಳು ಅದಕ್ಕೆ ಚಕ್ರಗಳು. ಹಿಂದೆ ಉಳಿದ ಪೈಪನ್ನು ತೆಗೆದು ಮುಂದಿಡುತ್ತಾ ಹೋದರೆ ಸಮತಟ್ಟಾದ ಸಿಮೆಂಟು ನೆಲದಲ್ಲಿ ಒಬ್ಬನೇ ಹಾರೆಯಿಂದ ಮೀಟಿ ಸಾಗಿಸಬಲ್ಲ. ತಿರುಗಿಸಬೇಕೇ? ಪೈಪಿನ ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಓರೆ ಮಾಡಿದರೆ ಸಾಕು.

ಅಮೆರಿಕಾದ ಮಿಶಿಗನ್‌ನ ನಿವೃತ್ತ ಬಡಗಿ ವಾಲಿ ವಾಲಿಂಗ್ಟನ್ ಎಂಟು ಟನ್ನಿಗೂ ಮೀರಿದ ಕಾಂಕ್ರೀಟ್ ಕಂಬವನ್ನು ಇಂಥದೇ ಮರದ ತುಂಡು, ಸನ್ನೆಗಳಿಂದ ಒಬ್ಬರೇ ನೆಟ್ಟಗೆ ನಿಲ್ಲಿಸಿ ತೋರಿಸಿದರು. ಅಷ್ಟು ದೂರವೇಕೆ, ಕೇರಳದ ಬೇಪೂರಿನ ಮಾಪಿಳ್ಳ ಖಲಾಸಿಗಳು ತಲೆಮಾರುಗಳಿಂದ ಹಗ್ಗ, ರಾಟೆ, ಕೈಯಿಂದ ತಿರುಗಿಸುವ ಯಂತ್ರಗಳನ್ನು ನಂಬಿಯೇ ದೊಡ್ಡ ಉರು ಹಡಗುಗಳನ್ನು ನೀರಿಗಿಳಿಸಿದವರು. 1988ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಪೆರುಮಣ್ ಬಳಿ ಅಷ್ಟಮುಡಿ ಸರೋವರಕ್ಕೆ ಬಿದ್ದಾಗ ಬೋಗಿಗಳನ್ನು ಮೇಲೆತ್ತಲು ಅವರನ್ನೇ ಕರೆಸಲಾಯಿತು. ಅವರದು ತಂಡದ ಕೆಲಸ; ಲೆಕ್ಕಾಚಾರ ಮಾತ್ರ ಇದುವೇ.

ಅಪಾಯವಿರುವುದು ಭಾರದಲ್ಲಿ ಅಲ್ಲ, ಓಲುವುದರಲ್ಲಿ. ಲೇತಿನ ತಲೆ ಭಾರ, ಬುಡ ಕಿರಿದು. ಮೋಟಾರಿರುವ ಕಡೆಗೇ ವಾಲುತ್ತದೆ. ಆದ್ದರಿಂದ ಸರಿಸುವ ಮುಂಚೆ ಜರುಗುವ ಭಾಗಗಳನ್ನೆಲ್ಲ ಇನ್ನೊಂದು ತುದಿಗೆ ತಂದು ಬಿಗಿಯಬೇಕು. ವಾಲತೊಡಗಿದ ಮೆಷಿನನ್ನು ಕೈಯೊಡ್ಡಿ ತಡೆಯಲು ಹೋಗಲೇಬೇಡಿ. ಸರಿದು ನಿಲ್ಲಿ, ಬೀಳಲಿ. ಕಬ್ಬಿಣ ರಿಪೇರಿಯಾಗುತ್ತದೆ.

ಇಳಿಜಾರಿದ್ದರೆ ಒಬ್ಬರೇ ಮಾಡುವ ಮಾತೇ ಇಲ್ಲ. ಹಿಂದಿನಿಂದ ಗಟ್ಟಿ ಕಂಬಕ್ಕೆ ಹಗ್ಗ ಸುತ್ತಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಕೆಳಗಡೆ ಯಾರೂ ನಿಲ್ಲಬಾರದು. ಮಕ್ಕಳನ್ನು ಒಳಗೆ ಕೂರಿಸಿ ಚಿಲಕ ಹಾಕಿ. ನಿಮ್ಮನ್ನು ಕರೆದದ್ದು ಹಲಗೆ ತುರುಕಲೆಂದಾದರೆ, ಬೆರಳಿನಿಂದ ತಳ್ಳಬೇಡಿ. ಪೊರಕೆಯ ಕೋಲಾದರೂ ಸರಿ, ಅದರಿಂದ ತಳ್ಳಿ.