ನಮ್ಮ ಹೊಗೆಯನ್ನು ಕಡಲು ನುಂಗೀತೇ?



ವಾಹನ, ಕಾರ್ಖಾನೆಗಳಿಂದ ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಇದರಿಂದ ನೀರಿನ ಆಮ್ಲತೆ ಹೆಚ್ಚಿ, ಚಿಪ್ಪಿನ ಜೀವಿಗಳಿಗೂ ಹವಳಕ್ಕೂ ತೊಂದರೆಯಾಗುತ್ತಿದೆ.

ಸಮುದ್ರ ಇನ್ನೂ ಹೆಚ್ಚು ಹೀರುವಂತೆ ಮಾಡಬಹುದಾ ಅಂತ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಒಂದು ಉಪಾಯ ಕಬ್ಬಿಣದ ಗೊಬ್ಬರ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ ಗಿಡಗಳ ಹಾಗೆಯೇ ಈ ಅನಿಲವನ್ನು ಬಳಸಿ ಬೆಳೆಯುತ್ತದೆ. ಕಬ್ಬಿಣದ ಅಂಶ ಕಡಿಮೆಯಿರುವ ಕಡಲಿಗೆ ಅದನ್ನು ಬೆರೆಸಿದರೆ ಪಾಚಿ ಹೆಚ್ಚುತ್ತದೆ. ಅದು ಸತ್ತು ಆಳಕ್ಕಿಳಿದರೆ ಇಂಗಾಲವೂ ಜೊತೆಗೆ ಇಳಿಯುತ್ತದೆ ಎಂಬುದು ಲೆಕ್ಕ.

2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಜರ್ಮನಿಯ ವಿಜ್ಞಾನಿಗಳೊಂದಿಗೆ ಸೇರಿ, ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ 300 ಚದರ ಕಿ.ಮೀ. ಜಾಗದಲ್ಲಿ ಇದನ್ನು ಮಾಡಿ ನೋಡಿದರು. 'ಲೋಹಾಫೆಕ್ಸ್' ಅಂತ ಅದರ ಹೆಸರು. ಪಾಚಿ ಬೆಳೆದದ್ದೇನೋ ಹೌದು. ಆದರೆ ಸಿಗಡಿಯ ಬಳಗದ ಸಣ್ಣ ಜೀವಿಗಳು ಅದನ್ನು ತಿಂದುಬಿಟ್ಟವು. ಆಳಕ್ಕೆ ಹೋದ ಇಂಗಾಲ ತೀರಾ ಕಮ್ಮಿ.

ಸಂಶೋಧನೆ ಮುಂದುವರಿಯಲಿ. ಆದರೆ ಕಡಲಿಗೆ ಏನನ್ನಾದರೂ ಸುರಿಯುವ ಮೊದಲು, ಕಡಲನ್ನೇ ನಂಬಿ ಬದುಕುವ ಮೀನುಗಾರರ ಮಾತನ್ನೂ ಕೇಳಬೇಕು. ದೇವರ ಸೃಷ್ಟಿಯನ್ನು ಕಾಯುವ ಹೊಣೆ ನಮ್ಮೆಲ್ಲರದು. ಹೊಗೆ ಬಿಡುತ್ತಲೇ ಇದ್ದು, ಕಡಲು ನೋಡಿಕೊಳ್ಳುತ್ತದೆ ಅಂತ ಕೂರುವಂತಿಲ್ಲ. ಮೊದಲು ಹೊಗೆಯನ್ನೇ ಕಡಿಮೆ ಮಾಡೋಣ. ಈ ವಿಷಯವನ್ನು ನಿಮ್ಮ ಸಂಘದ ಸಭೆಯಲ್ಲಿ ಚರ್ಚಿಸಿರಿ.