ಬೋರಿನ ಬಾಯಾಗ ಮೊದ್ಲು ಅಳೀರಿ: ಮನೆಯ ವೈಫೈ ನಿಧಾನವಾದಾಗ ರೈತರು ಏನು ಮಾಡಬೇಕು?

ಪ್ರತಿ ವಾರ ಲಿಂಬೆ, ತೊಗರಿ, ದ್ರಾಕ್ಷಿ ಅಂತ ಮಾತಾಡ್ತೀವಿ. ಈ ವಾರ ಗೋಡೆ ಮ್ಯಾಲೆ ದೀಪ ಮಿಣುಕಿಸುತ್ತ ಕೂತಿರುವ ಬಿಳಿ ಡಬ್ಬಿಯ ಬಗ್ಗೆ, ಅಂದರೆ ವೈಫೈ ರೂಟರ್ ಬಗ್ಗೆ ಬರೆಯುತ್ತಿದ್ದೇನೆ. "ಕೃಷಿ ಬಿಟ್ಟು ಇದೇನ್ರೀ?" ಅಂತ ಕೇಳಬೇಡಿ. ಪಹಣಿ ತೆಗೆಯೋದು, ಬೆಳೆ ಸಮೀಕ್ಷೆ, ಮಾರುಕಟ್ಟೆ ಧಾರಣಿ, ಮಳೆ ಮುನ್ಸೂಚನೆ, ಬೆಳೆ ವಿಮೆ ಎಲ್ಲವೂ ಈಗ ಮೊಬೈಲಿನಲ್ಲೇ. ನೆಟ್ ನಿಂತರೆ ನಮ್ಮ ಅರ್ಧ ಕೆಲಸ ನಿಂತಂಗೆ. ನನ್ನ ಮನೆಯಲ್ಲಿ ಒಂದು ರಾತ್ರಿ ನಿಂತೇ ಹೋಗಿತ್ತು.

ಆ ರಾತ್ರಿ ನಡೆದದ್ದು

ನಮ್ಮದು ಇಂಡಿ ತಾಲ್ಲೂಕಿನ ಸಾಲೋಟಗಿ. ಹೋದ ಮುಂಗಾರಿನ ಕೊನೆಗೆ ಒಂದೇ ರಾತ್ರಿ ಸುರಿದ ಮಳೆಗೆ ನಮ್ಮ ಎರಿ ಹೊಲದ ತಗ್ಗಿನ ಭಾಗದಲ್ಲಿ ಮೊಣಕಾಲುದ್ದ ನೀರು ನಿಂತಿತು. ತೊಗರಿ ಬೇರು ಎರಡು ಮೂರು ದಿನ ನೀರಾಗ ಇದ್ದರೆ ಗಿಡ ಬಾಡಿತು ಅಂತಲೇ ಲೆಕ್ಕ. ಎರಡು ದಿನ ಕಾಲುವೆ ತೋಡಿ ನೀರು ಹೊರಹಾಕುವುದರಲ್ಲೇ ಹೋಯಿತು. ಮೂರನೇ ದಿನ ಸಂಜಿಗೆ ಮಗಳು ನೆನಪಿಸಿದಳು: "ಅಪ್ಪಾ, ವಿಮಾ ಕಟ್ಟೀವಲ್ಲ, ತಿಳಿಸಬೇಕಲ್ಲ?"

ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಜಲಾವೃತದಂತಹ ಸ್ಥಳೀಯ ವಿಕೋಪ ಆದಾಗ 72 ಗಂಟೆಯೊಳಗೆ ಮಾಹಿತಿ ಕೊಡಬೇಕು. ನಮಗೆ ಉಳಿದದ್ದು ಬರೀ ಆ ಒಂದು ರಾತ್ರಿ. ಮಗಳು ಪಡಸಾಲಿಯಲ್ಲಿ ಕೂತು ಆ್ಯಪಿನಲ್ಲಿ ವಿವರ ತುಂಬಿ ಹೊಲದ ಫೋಟೋ ಏರಿಸಲು ಹೊರಟಳು. ಚಕ್ರ ತಿರುಗುತ್ತಲೇ ಇತ್ತು. ಒಂದು ಸಲ, ಎರಡು ಸಲ, ಐದು ಸಲ. ಪ್ರತಿ ಸಲವೂ ಅರ್ಧಕ್ಕೇ ನಿಂತಿತು. ಮೊಬೈಲ್ ಸಿಗ್ನಲ್ ನೋಡಿದರೆ ಒಂದೇ ಕಡ್ಡಿ. ನಾನು ಸಿಟ್ಟಿಗೆದ್ದು, "ನಾಳೆನೇ ದೊಡ್ಡ ಪ್ಲ್ಯಾನ್ ಹಾಕ್ಸೂಣು ತಗೊ" ಅಂದೆ.

ರಾತ್ರಿ ಹತ್ತಕ್ಕೆ ಆಕೆಗೆ ಏನು ಹೊಳೆಯಿತೋ, ಫೋನ್ ಹಿಡಿದುಕೊಂಡು ಹಿತ್ತಲ ಗೋದಾಮಿಗೆ ಹೋದಳು. ರೂಟರ್ ಇದ್ದದ್ದು ಅಲ್ಲೇ. ಎರಡೇ ನಿಮಿಷದಲ್ಲಿ ಫೋಟೋ ಏರಿ, ಅರ್ಜಿಯ ಸಂಖ್ಯೆಯೂ ಬಂತು. ಆವಾಗ ತಲೆಗೆ ಹೋಯಿತು. ನೆಟ್ ಮನೆತನಕ ಸರಿಯಾಗಿಯೇ ಬರುತ್ತಿತ್ತು. ಮನೆಯೊಳಗೆ ಮೂವತ್ತು ಅಡಿ ದಾಟಿ ಪಡಸಾಲಿಗೆ ಬರುತ್ತಿರಲಿಲ್ಲ ಅಷ್ಟೇ.

ಮುಂದಿನ ಒಂದು ವಾರ ನಾನು ಮಗಳು ಕೂಡಿ ಒಂದೊಂದೇ ಪರೀಕ್ಷೆ ಮಾಡಿದೆವು. ಅದನ್ನೇ ಕ್ರಮವಾಗಿ ಹೇಳುತ್ತೇನೆ.

ಮೊದಲು ಲೆಕ್ಕ ತಿಳಿಯಿರಿ

ನಮ್ಮ ಪ್ಲ್ಯಾನ್ 40 ಎಂಬಿಪಿಎಸ್. ಇದು ಸೆಕೆಂಡಿಗೆ 40 ಮೆಗಾಬಿಟ್, ಮೆಗಾಬೈಟ್ ಅಲ್ಲ. 8 ಬಿಟ್ ಕೂಡಿದರೆ 1 ಬೈಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಬರುತ್ತದೆ. "ನಲವತ್ತು ಕೊಡ್ತೀನಂದು ಐದು ಕೊಟ್ಟಾರ" ಅಂತ ಜಗಳ ತೆಗೆಯುವ ಮೊದಲು ಇದು ನೆನಪಿರಲಿ. ಇಳಿಸುವ ವೇಗ ಬೇರೆ, ಏರಿಸುವ ವೇಗ ಬೇರೆ. ಫೋಟೋ ಕಳಿಸುವಾಗ ಬೇಕಾಗುವುದು ಏರಿಸುವ ವೇಗ. ಹೀಗಾಗಿ ಎರಡನ್ನೂ ನೋಡಿ.

ಬಾಯಾಗ ಅಳೆಯಿರಿ, ಆಮೇಲೆ ಬಾಲದಾಗ

ಹನಿ ನೀರಾವರಿಯಲ್ಲಿ ಕೊನೆಯ ಲ್ಯಾಟರಲ್‌ನಲ್ಲಿ ಹನಿ ಬೀಳದಿದ್ದರೆ ನಾವು ಕೂಡಲೇ ಹೊಸ ಬೋರ್ ಹೊಡೆಸುತ್ತೇವೇನು? ಮೊದಲು ಬೋರಿನ ಬಾಯಲ್ಲಿ ಎಷ್ಟು ಇಂಚು ನೀರು ಬರ್ತದ ನೋಡುತ್ತೇವೆ. ನಂತರ ಫಿಲ್ಟರ್, ಮೇನ್ ಲೈನ್, ಸಬ್‌ಮೇನ್, ಕೊನೆಗೆ ಲ್ಯಾಟರಲ್. ವೈಫೈಗೂ ಇದೇ ಕ್ರಮ.

ಬಾಯಿ ಅಂದರೆ ರೂಟರ್. ಲ್ಯಾಪ್‌ಟಾಪ್ ಇದ್ದರೆ ರೂಟರಿನ ಹಿಂದಿನ ಲ್ಯಾನ್ ಕಿಂಡಿಗೆ ವೈರ್ ಹಾಕಿ ವೇಗ ಅಳೆಯಿರಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ರೂಟರಿನಿಂದ ಐದಾರು ಅಡಿ ದೂರದಲ್ಲಿ ನಿಂತು ಫೋನಿನಲ್ಲೇ ಅಳೆಯಿರಿ. ಟ್ರಾಯ್ ಸಂಸ್ಥೆಯ ಮೈಸ್ಪೀಡ್ ಎಂಬ ಉಚಿತ ಆ್ಯಪ್ ಇದೆ, ಅದು ಸಾಕು. ಅಳೆಯುವಾಗ ಮನೆಯ ಉಳಿದ ಫೋನ್, ಟಿವಿಗಳ ವೈಫೈ ಬಂದ್ ಇರಲಿ. ಮುಂಜಾನಿ, ಮಧ್ಯಾಹ್ನ, ರಾತ್ರಿ ಹೀಗೆ ಮೂರು ಹೊತ್ತು ಅಳೆದು ಚೀಟಿಯಲ್ಲಿ ಬರೆದಿಡಿ.

ನಮ್ಮ ಚೀಟಿ ಹೀಗಿತ್ತು: ವೈರಿನಲ್ಲಿ 38, ರೂಟರ್ ಹತ್ತಿರ ವೈಫೈಯಲ್ಲಿ 36, ನಡುಮನೆಯಲ್ಲಿ 14, ಪಡಸಾಲಿಯಲ್ಲಿ 3. ಪಡಸಾಲಿಯಿಂದ ಏರಿಸುವ ವೇಗ ಅರ್ಧವೂ ಇರಲಿಲ್ಲ. ನಿಮ್ಮ ಮೊಬೈಲಿಗೆ ಪೂರ್ತಿ ಕಡ್ಡಿ ಕಾಣದಿದ್ದರೂ ಈ ಅಂಕಿ ಸುಳ್ಳು ಹೇಳುವುದಿಲ್ಲ. ದೊಡ್ಡ ಪ್ಲ್ಯಾನ್ ಹಾಕಿಸಿದ್ದರೆ ಗೋದಾಮಿನ ತೊಗರಿ ಚೀಲಗಳಿಗೆ 100 ಸಿಗುತ್ತಿತ್ತು, ನಮಗೆ ಅದೇ 3!

ಬಾಯಲ್ಲೇ ಕಡಿಮೆ ಬಂದರೆ?

ಆಗ ತಪ್ಪು ಲೈನಿನಲ್ಲಿದೆ. ಫೈಬರ್ ಡಬ್ಬಿಯ ದೀಪ ನೋಡಿ. 'ಪಾನ್' ದೀಪ ಸ್ಥಿರವಾಗಿ ಹಸಿರು ಇರಬೇಕು. 'ಲಾಸ್' ದೀಪ ಕೆಂಪಗೆ ಮಿಣುಕಿದರೆ ಬೆಳಕು ಮನೆಗೆ ಬರುತ್ತಿಲ್ಲ ಎಂದರ್ಥ. ಫೈಬರ್ ಒಳಗೆ ಇರೋದು ಕೂದಲೆಳೆಯಂಥ ಗಾಜು. ಅದನ್ನು ಮೊಳೆಗೆ ಬಿಗಿದು ಕಟ್ಟಬಾರದು, ಬಾಗಿಲ ಸಂದಿಯಲ್ಲಿ ಒತ್ತಬಾರದು, ಬಳೆಗಿಂತ ಸಣ್ಣ ಸುತ್ತು ಸುತ್ತಬಾರದು. ಲೈನ್‌ಮನ್ ಬಂದಾಗ "ಪವರ್ ಎಷ್ಟೈತ್ರಿ?" ಅಂತ ಕೇಳಿ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಚಲೋ. ಮೈನಸ್ 27 ದಾಟಿದರೆ ಎಲ್ಲೋ ಜೋಡಣೆ ಸಡಿಲಾಗಿದೆ ಅಥವಾ ವೈರ್ ಮಡಚಿದೆ. ಚೀಟಿಯ ಅಂಕಿ ತೋರಿಸಿ ದೂರು ಕೊಟ್ಟರೆ ಮಾತಿಗೆ ತೂಕ ಬರ್ತದ.

ಅಲೆಯನ್ನು ತಿನ್ನುವವರು ಯಾರು?

ನಮ್ಮ ಭಾಗದ ಹಳೇ ಮನೆಗಳ ಕಲ್ಲಿನ ಗೋಡೆ ಎರಡು ಅಡಿ ದಪ್ಪ. ಬೇಸಿಗೆಗೆ ತಂಪು ಖರೆ, ಆದರೆ ವೈಫೈಗೆ ಕೋಟೆ. ತಗಡು ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ. ಕಬ್ಬಿಣದ ಕಪಾಟು, ತಿಜೋರಿ, ಸ್ಟೀಲ್ ಭಾಂಡೆ ಎಲ್ಲಾ ಹಂಗೇ. ನೀರು ಅಲೆಯನ್ನು ಹೀರುತ್ತದೆ. ತುಂಬಿದ ನೀರಿನ ಟ್ಯಾಂಕು, ಹಸಿ ಇರುವ ಕಾಳಿನ ಚೀಲ, ಹಸಿರು ಗಿಡ ಎಲ್ಲವೂ ಅಷ್ಟಿಷ್ಟು ತಿನ್ನುತ್ತವೆ.

ನಮ್ಮಲ್ಲಿ ಲೈನ್ ಕಂಬದಿಂದ ಹಿತ್ತಲ ಕಡೆ ಬಂದಿದ್ದಕ್ಕೆ ಡಬ್ಬಿಯನ್ನೂ ಅಲ್ಲೇ ತಗಡಿನ ಗೋದಾಮಿನ ಮೂಲೆಯಲ್ಲಿ ಹಾಕಿಸಿದ್ದೆವು. ಸುಗ್ಗಿಯಲ್ಲಿ ಅದರ ಮುಂದೆ ಚೀಲ ಒಟ್ಟಿದ್ದೂ ನಾನೇ. ಬೇರೆಯವರನ್ನ ಬೈದು ಏನು ಉಪಯೋಗ?

ಜಾಗ ಬದಲಿಸಿದ್ದೇ ದೊಡ್ಡ ಔಷಧ

ಲೈನ್‌ಮನ್‌ನ ಕರೆಸಿ ಫೈಬರನ್ನು ನಡುಮನೆತನಕ ಎಳೆಸಿದೆವು. ಆಳೆತ್ತರದ ಗೂಡಿನಲ್ಲಿ, ಬಾಗಿಲುಗಳಿಗೆ ಎದುರಾಗುವಂತೆ ರೂಟರ್ ಇಟ್ಟೆವು. ಖರ್ಚು ಬರೀ ವೈರಿನದು. ಪಡಸಾಲಿಯಲ್ಲಿ 3 ಇದ್ದದ್ದು 22ಕ್ಕೆ ಏರಿತು. ಜಾಗ ಆರಿಸುವಾಗ ಇಷ್ಟು ನೋಡಿ:

ಮನೆಯ ನಡುವೆ ಇರಲಿ, ನೆಲದ ಮೇಲೆ ಬೇಡ. ಟಿವಿ ಹಿಂದೆ, ಕಪಾಟಿನೊಳಗೆ, ಮೈಕ್ರೋವೇವ್ ಒಲೆಯ ಪಕ್ಕ ಬೇಡ. ಆಂಟೆನಾ ನೆಟ್ಟಗೆ ನಿಲ್ಲಿಸಿದರೆ ಅಲೆ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ಮೇಲೆ ಕೆಳಗೆ ಕಡಿಮೆ. ಮಾಳಿಗೆ ಮೇಲೂ ಬೇಕಾದರೆ ಒಂದು ಆಂಟೆನಾ ಅಡ್ಡ ಮಲಗಿಸಿ.

ಎರಡು ಹೆಸರು, ಎರಡು ಸ್ವಭಾವ

ಈಗಿನ ಬಹಳಷ್ಟು ರೂಟರುಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಿವೆ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ವೇಗ ಕಡಿಮೆ. 5 ವೇಗ ಜಾಸ್ತಿ, ಆದರೆ ಕಲ್ಲಿನ ಗೋಡೆ ಕಂಡರೆ ಸುಸ್ತು. ಅದೇ ಕೋಣೆಯಲ್ಲಿದ್ದರೆ 5, ದೂರವಿದ್ದರೆ 2.4 ಬಳಸಿ. ಫೋನು ತಾನೇ ತಪ್ಪು ಪಟ್ಟಿ ಹಿಡಿದು ಕೂರುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಹೆಸರಿಡಿ.

ಅಕ್ಕಪಕ್ಕದ ಮನೆಗಳಲ್ಲೂ ವೈಫೈ ಇದ್ದರೆ 2.4ರಲ್ಲಿ ಗದ್ದಲ. ಸೆಟ್ಟಿಂಗಿನಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಒಂದನ್ನು ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಪಕ್ಕದ ಮನೆಯವರು 1ರಲ್ಲಿದ್ದರೆ ನೀವು 6 ಅಥವಾ 11ಕ್ಕೆ ಹೋಗಿ.

ನಿಮ್ಮ ನೀರು ಯಾರು ಕುಡೀತಿದ್ದಾರೆ?

ಕಾಲುವೆಯ ಬಾಲದಲ್ಲಿ ಹೊಲ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಮೇಲಿನವರು ತಿರುವಿಕೊಂಡರೆ ಕೆಳಗಿನವರಿಗೆ ಬರೀ ತೇವ. ರೂಟರಿನ ಸೆಟ್ಟಿಂಗಿನಲ್ಲಿ ಯಾರ್ಯಾರು ಜೋಡಿಸಿಕೊಂಡಿದ್ದಾರೆ ಎಂಬ ಪಟ್ಟಿ ಇರುತ್ತದೆ. ನಮ್ಮದರಲ್ಲಿ 14 ಸಾಧನ ಕಂಡವು, ನಮ್ಮವು ಆರೇ! ಲಿಂಬಿ ಕಾಯಿ ಆರಿಸುವ ದಿನ ಬಂದವರಿಗೆಲ್ಲ ನಾನೇ ಪಾಸ್‌ವರ್ಡ್ ಕೊಟ್ಟಿದ್ದೆ. ಬದಲಿಸಿದೆವು. ಈಗ ಅತಿಥಿಗಳಿಗೆ ಬೇರೆ ಹೆಸರಿನ 'ಗೆಸ್ಟ್' ವೈಫೈ ಐತಿ.

ಇನ್ನೊಂದು ದೊಡ್ಡ ಬಾಯಿ ಅಂದರೆ ಸಿಸಿ ಕ್ಯಾಮೆರಾ. ಸೆಕೆಂಡಿಗೆ ಬರೀ 1 ಮೆಗಾಬಿಟ್‌ನಂತೆ ದಿನವಿಡೀ ಚಿತ್ರ ಏರಿಸಿದರೂ ದಿನಕ್ಕೆ 10 ಜಿಬಿ ದಾಟುತ್ತದೆ. ಯಾರಾದರೂ ಅಲುಗಾಡಿದಾಗ ಮಾತ್ರ ದಾಖಲಿಸುವಂತೆ, ಉಳಿದದ್ದು ಮೆಮೊರಿ ಕಾರ್ಡಿಗೆ ಹೋಗುವಂತೆ ಮಾಡಿ. ಫೋನುಗಳ ಫೋಟೋ ಬ್ಯಾಕಪ್ಪನ್ನು ರಾತ್ರಿಗೆ ಇಡಿ.

ದೂರದಲ್ಲಿ ಕೂತ ಹಳೇ ಫೋನ್ ಸಹ ಎಲ್ಲರನ್ನೂ ನಿಧಾನ ಮಾಡುತ್ತದೆ. ಒಂದೇ ಗಾಡಿಯ ಹಾದಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಮುಂದೆ ಹೊರಟರೆ ಹಿಂದಿನ ಬೈಕಿನವನ ಗತಿ ಏನು? ವೈಫೈಯಲ್ಲಿ ಒಂದು ಹೊತ್ತಿಗೆ ಒಬ್ಬರ ಪಾಳಿ. ಮೆಲ್ಲಗೆ ಮಾತಾಡುವವನು ಹೆಚ್ಚು ಹೊತ್ತು ತಗೋತಾನ. ಟಿವಿ ರೂಟರಿನ ಹತ್ತಿರವೇ ಇದ್ದರೆ ವೈರ್ ಹಾಕಿಬಿಡಿ, ಒಂದು ಪಾಳಿ ಉಳಿಯಿತು.

ಬಿಸಿಲು, ಕರೆಂಟು, ಸಿಡಿಲು

ಮನೆಬಳಕೆಯ ರೂಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿ ಉಷ್ಣತೆಯವರೆಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್-ಮೇನಲ್ಲಿ ಹೊರಗೇ 40 ದಾಟುತ್ತದೆ, ತಗಡಿನ ಕೆಳಗೆ ಕೇಳಬೇಡಿ. ಮಧ್ಯಾಹ್ನ ಮಾತ್ರ ನಿಧಾನವಾಗುತ್ತಿದ್ದರೆ ಮೊದಲು ಡಬ್ಬಿ ಮುಟ್ಟಿ ನೋಡಿ. ಮೇಲೆ ಬಟ್ಟೆ ಹೊದಿಸಬೇಡಿ, ಧೂಳು ಒರೆಸಿ, ಗಾಳಿ ಆಡಲಿ. ತಿಂಗಳಿಗೊಮ್ಮೆ ಎರಡು ನಿಮಿಷ ಬಂದ್ ಮಾಡಿ ಹಚ್ಚಿ.

ಅಡಾಪ್ಟರ್ ಹೋದರೆ ಕೈಗೆ ಸಿಕ್ಕದ್ದು ಹಾಕಬೇಡಿ. ಡಬ್ಬಿಯ ಹಿಂದೆ ಬರೆದಷ್ಟೇ ವೋಲ್ಟ್ ಇರಲಿ, ಆಂಪಿಯರ್ ಅದಕ್ಕಿಂತ ಕಡಿಮೆ ಬೇಡ. ಗುಡುಗು ಮಿಂಚು ಶುರುವಾದರೆ ಪ್ಲಗ್ ತೆಗೆಯಿರಿ. ಗಾಜಿನ ಫೈಬರ್ ಮೂಲಕ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ, ಆದರೆ ಕರೆಂಟಿನ ವೈರು ಮತ್ತು ತಾಮ್ರದ ಲ್ಯಾನ್ ವೈರಿನಲ್ಲಿ ಹರಿಯುತ್ತದೆ.

ತೋಟದ ಶೆಡ್ಡಿಗೂ ಬೇಕಂದ್ರೆ

ಅಗ್ಗದ ವೈಫೈ ಎಕ್ಸ್‌ಟೆಂಡರ್ ಒಂದೇ ಪಟ್ಟಿಯಲ್ಲಿ ಕೇಳಿ ಅದೇ ಪಟ್ಟಿಯಲ್ಲಿ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡಬೇಡಿ, ಅರ್ಧ ದಾರಿಯಲ್ಲಿ ಇಡಿ. ಇದಕ್ಕಿಂತ ಲ್ಯಾನ್ ವೈರ್ ಎಳೆದು ಅಲ್ಲಿ ಎರಡನೇ ರೂಟರ್ ಹಾಕುವುದು ಚಲೋ. ತಾಮ್ರದ ಲ್ಯಾನ್ ವೈರಿಗೆ 100 ಮೀಟರ್ ಮಿತಿ. ಅದಕ್ಕಿಂತ ದೂರವಿದ್ದರೆ ಫೈಬರ್ ಎಳೆಸಿ.

ಕೊನೆಯ ಮಾತು

ಹಣ ಬಿಚ್ಚುವ ಮೊದಲು ಕ್ರಮ ಇಷ್ಟೇ: ಬಾಯಲ್ಲಿ ಅಳೆಯಿರಿ, ಬಾಲದಲ್ಲಿ ಅಳೆಯಿರಿ, ನಡುವೆ ಏನು ಅಡ್ಡ ಇದೆ ನೋಡಿ, ಜಾಗ ಬದಲಿಸಿ, ಮತ್ತೆ ಅಳೆಯಿರಿ. ಬಾಯಲ್ಲಿ ಪೂರ್ತಿ ಬಂದು, ಎಲ್ಲ ಕೋಣೆಗೂ ಪೂರ್ತಿ ಮುಟ್ಟಿ, ಆದರೂ ಸಾಲದಿದ್ದರೆ ಮಾತ್ರ ದೊಡ್ಡ ಪ್ಲ್ಯಾನ್.

ಇನ್ನೊಂದು ಮಾತು ಬರೆದಿಟ್ಟುಕೊಳ್ಳಿ. ಬೆಳೆ ಹಾನಿ ತಿಳಿಸಲು ನೆಟ್ ಕೈಕೊಟ್ಟರೆ 14447ಕ್ಕೆ ಫೋನ್ ಮಾಡಿಯೂ ತಿಳಿಸಬಹುದು. ಆ ರಾತ್ರಿ ನನಗೆ ಇದು ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ನಮ್ಮೂರಿನ ಕಂಬದ ಶಾಸನ ನಿಮ್ಮಲ್ಲಿ ಕೆಲವರು ನೋಡಿರಬಹುದು. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ದೂರ ದೇಶದ ವಿದ್ಯಾರ್ಥಿಗಳು ಬಂದು ಇರಲು 27 ಮನೆಗಳಿದ್ದವು. ಅವರಿಗೆ ದೀಪ ಹಚ್ಚಲಿಕ್ಕಂತಲೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಕಟ್ಟಡ ಕಟ್ಟಿದರೆ ಸಾಲದು, ಓದುವವನ ಮುಂದೆ ಬೆಳಕು ಮುಟ್ಟಬೇಕು ಅನ್ನೋದು ಆ ಹಿರಿಯರಿಗೆ ಗೊತ್ತಿತ್ತು. ಇಂದು ಬೆಳಕು ಗಾಜಿನ ಎಳೆಯಲ್ಲಿ ನಮ್ಮ ಮನೆ ಬಾಗಿಲಿಗೆ ಬಂದಿದೆ. ಅದು ಗೋದಾಮಿನ ಚೀಲದ ಹಿಂದೆಯೇ ಉಳಿಯದೆ ಮಗಳು ಕೂತಲ್ಲಿಗೆ ಮುಟ್ಟಲಿ. ಇವತ್ತು ಸಂಜಿಗೆ ಒಂದು ಚೀಟಿ ಹಿಡಿದು ನಿಮ್ಮ ಮನೆಯಲ್ಲೂ ಅಳೆದು ನೋಡ್ರಿ.