ಮಸಾರಿ ಮಣ್ಣಿಗೆ ಬೇಕಾದ ಕೂಡು ದುಡಿಮೆ

ರಾಷ್ಟ್ರಧ್ವಜದ ಖಾದಿಯನ್ನು ನೇಯ್ದು ಹೆಸರಾದ ಗರಗವನ್ನು ಅರಿಯದ ಕನ್ನಡಿಗರು ವಿರಳ. ಧ್ವಜವು ಕಂಬವನ್ನೇರುವ ಮುನ್ನ ನೂಲುವವರು, ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು, ಅಳೆದು ಪರೀಕ್ಷಿಸುವವರು ಹೀಗೆ ಹಲವು ಕೈಗಳನ್ನು ದಾಟಬೇಕಾಗುತ್ತದೆ. ಇವರಲ್ಲಿ ಒಬ್ಬರು ತಪ್ಪಿದರೂ ಧ್ವಜವು ಧ್ವಜವಾಗದು. ಬಟ್ಟೆಯ ವಿಷಯದಲ್ಲಿ ನಾವು ಒಪ್ಪಿದ ಈ ನ್ಯಾಯವನ್ನು ಮಣ್ಣಿನ ವಿಷಯದಲ್ಲಿ ಮಾತ್ರ ಮರೆಯುವುದೇಕೆ?

ಗರಗವಿರುವ ಧಾರವಾಡ ತಾಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸೆರಗು. ಪೂರ್ವಕ್ಕೆ ನವಲಗುಂದದತ್ತ ಸಾಗಿದರೆ ಎರೆಭೂಮಿ. ಪಶ್ಚಿಮಕ್ಕೆ ಕೆಂಪು ಮಸಾರಿ. ಎರೆಯು ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟು, ಹಿಂಗಾರಿಯ ಜೋಳ-ಕಡಲೆಗಳನ್ನು ಒಳತೇವದಿಂದಲೇ ಬೆಳೆಸಬಲ್ಲದು. ಮರಳು ಬೆರೆತ ಮಸಾರಿಗೆ ಆ ಭಾಗ್ಯವಿಲ್ಲ. ಮರಳಿನ ಕಣವು ದೊಡ್ಡದಾದ್ದರಿಂದ ನೀರನ್ನು ಹಿಡಿದಿಡುವ ಶಕ್ತಿ ಅದಕ್ಕೆ ಕಡಿಮೆ. ಬಿದ್ದ ನೀರು ಬೇರನ್ನು ದಾಟಿ ಕೆಳಗಿಳಿಯುವಾಗ ಕರಗಿದ ಸಾರಜನಕವನ್ನೂ ಒಯ್ಯುತ್ತದೆ. ಕೆಲವು ದಿನ ಮಳೆ ತಡೆದರೆ ಪೈರು ಬಾಡುತ್ತದೆ. ರಭಸದಿಂದ ಸುರಿದರೆ ಮೇಲ್ಮಣ್ಣೇ ಹರಿದುಹೋಗುತ್ತದೆ. 2009 ಮತ್ತು 2019ರ ನೆರೆಗಳನ್ನೂ 2023ರ ಬರವನ್ನೂ ಕಂಡ ನಮ್ಮ ನಾಡಿಗೆ ಹವಾಮಾನದ ವೈಪರೀತ್ಯವು ಪುಸ್ತಕದ ಮಾತಾಗಿ ಉಳಿದಿಲ್ಲ.

ಈ ಸಂಕಟಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಸಗಣಿಗೊಬ್ಬರ, ಸೆಣಬಿನ ಹಸಿರುಗೊಬ್ಬರ, ಕೆರೆಯ ಹೂಳು ಇವು ಮರಳಿಗೆ ನೀರು ಹಿಡಿಯುವ ಗುಣವನ್ನು ಕೊಡುತ್ತವೆ. ಆದರೆ ಒಂದು ಕಡೆಗೆ ಸಲ್ಲುವ ಉಪಾಯವು ಇನ್ನೊಂದು ಕಡೆಗೆ ಸಲ್ಲದು. ಎರೆಯಲ್ಲಿ ನೀರು ನಿಲ್ಲಿಸುವ ಕೃಷಿಹೊಂಡವು ಮಸಾರಿಯಲ್ಲಿ ತಳಕ್ಕೆ ಹಾಸು ಹಾಕದಿದ್ದರೆ ಬೇಗನೆ ಬರಿದಾಗುವುದು. ಹೊಂಡ ತೋಡುವ ಇಂಜಿನಿಯರನು ಮಣ್ಣಿನ ಪಂಡಿತನನ್ನು ಕೇಳಬೇಕು. ಆ ಪಂಡಿತನು ಮಳೆಯ ಲೆಕ್ಕ ಬಲ್ಲವನನ್ನು ಕೇಳಬೇಕು. ಮೂವರೂ ಹೊಲದ ಒಡೆಯನನ್ನು ಕೇಳಬೇಕು.

ಇಂಥ ಯತ್ನಗಳು ನಮ್ಮಲ್ಲಿ ಹೊಸವೇನೂ ಅಲ್ಲ. ಮುಂಬಯಿ ಸರಕಾರವು 1942ರಲ್ಲಿಯೇ ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿತ್ತು. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸುಜಲ ಜಲಾನಯನ ಯೋಜನೆಯು ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಹೆಗಳಲ್ಲಿ ಇಲಾಖೆಯವರು, ಸೇವಾಸಂಸ್ಥೆಗಳು ಮತ್ತು ರೈತರ ಸಂಘಗಳನ್ನು ಒಂದೇ ಕೆಲಸಕ್ಕೆ ಹೂಡಿತು. ಉಪಗ್ರಹದ ಚಿತ್ರಗಳಿಂದ ಅದರ ಫಲವನ್ನು ಅಳೆಯಲಾಯಿತು. 2009ರಲ್ಲಿ ರಾಜ್ಯ ಸರಕಾರವು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಆರಂಭಿಸಿದ ಭೂಚೇತನದಲ್ಲಿ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನುಗಳ ಕೊರತೆ ಹಲವೆಡೆ ಕಂಡುಬಂದಿತು. ಬರಿಗಣ್ಣಿಗೆ ಕಾಣದ ಈ ಹಸಿವನ್ನು ಒಕ್ಕಲಿಗನೊಬ್ಬನೇ ಅರಿಯುವುದು ಸಾಧ್ಯವಿರಲಿಲ್ಲ. ಅಂತೆಯೇ, ಒಕ್ಕಲಿಗನು ಹೊಲದಲ್ಲಿ ಮಾಡಿ ನೋಡದ ಹೊರತು ಪಂಡಿತರ ಅರಿವು ಕಾಳಾಗುತ್ತಿರಲಿಲ್ಲ.

ದೋಷವಿರುವುದು ಬೇರೆಡೆ. ಯೋಜನೆಗೆ ಅವಧಿಯಿದೆ, ಮಣ್ಣಿಗೆ ಅವಧಿಯಿಲ್ಲ. ಹಣ ಮುಗಿದೊಡನೆ ಕೂಡಿದವರು ಚದರಿದರೆ ಒಡ್ಡು ಒಡೆದಾಗ ಕಟ್ಟುವವರಾರು? ಇಂಗಾಲದ ಅಂಶವು ಮಣ್ಣಿನಲ್ಲಿ ಏರಲು ವರ್ಷಗಳು ಬೇಕು; ಒಂದು ಆರ್ಥಿಕ ವರ್ಷದ ಲೆಕ್ಕಕ್ಕೆ ಅದು ಸಿಕ್ಕದು. ಸಮಿತಿಗಳಿಗೇನೂ ಕೊರತೆಯಿಲ್ಲವೆಂದು ಅಧಿಕಾರಿಗಳು ಹೇಳಬಹುದು. ಆದರೆ ಸಭೆಯಲ್ಲಿ ಕೂಡಿ ಕುಳಿತುಕೊಳ್ಳುವುದು ಬೇರೆ, ಹೊಲದಲ್ಲಿ ಕೂಡಿ ನಿಲ್ಲುವುದು ಬೇರೆ.

ಧಾರವಾಡಕ್ಕೆ ಯಾವ ಸಾಧನದ ಕೊರತೆಯಿದೆ? 1947ರಲ್ಲಿ ಆರಂಭವಾದ ಕೃಷಿ ಕಾಲೇಜು 1986ರಲ್ಲಿ ವಿಶ್ವವಿದ್ಯಾಲಯಕ್ಕೆ ನೆಲೆಯಾಯಿತು. ಜಲ ಮತ್ತು ನೆಲದ ನಿರ್ವಹಣೆಗೆಂದೇ ವಾಲ್ಮಿ ಸಂಸ್ಥೆಯಿದೆ. 2016ರಿಂದ ಐಐಟಿಯೂ ಇದೆ. ಇವೆಲ್ಲವೂ ಗರಗದಂಥ ಊರುಗಳಿಗೆ ಗಾವುದ ದೂರವಲ್ಲ. ಒಂದೊಂದು ಹಳ್ಳದ ಜಲಾನಯನವನ್ನು ಆರಿಸಿ, ಹತ್ತು ವರ್ಷದ ಮಾತು ಕೊಟ್ಟು, ಒಂದೇ ನಕಾಶೆಯ ಮೇಲೆ ಎಲ್ಲರೂ ದುಡಿಯಲಿ. ಪ್ರತಿವರ್ಷ ಗ್ರಾಮಸಭೆಯಲ್ಲಿ ಆ ದುಡಿಮೆಯ ಲೆಕ್ಕವನ್ನು ಓದಿ ಹೇಳಲಿ. ಹಲವು ಕೈಗಳಿಂದ ನಾಡಿನ ಧ್ವಜವನ್ನು ಕಂಡ ಸೀಮೆಗೆ, ಹಲವು ಕೈಗಳಿಂದ ತನ್ನ ನೆಲವನ್ನು ಕಾಯುವುದು ಅಸಾಧ್ಯವಾಗಲಾರದು.